ಹಾಡು ನಮ್ಮದೇ ಉಂಟು, ಲ್ಯಾಪ್‌ಟಾಪ್‌ಗೆ ಸಾಲ ಯಾಕೆ?

ರಬೀಉಲ್ ಅವ್ವಲ್ ಹತ್ತಿರ ಬಂದಾಗ ಅಥವಾ ಮದುವೆ ಸೀಸನ್ ಶುರುವಾದಾಗ ನಮ್ಮ ಹಲವು ಮನೆಗಳಲ್ಲಿ ಈಗ ಒಂದೇ ಬೇಡಿಕೆ. ಹಾಡು ರೆಕಾರ್ಡ್ ಮಾಡಲು ಮಗನಿಗೆ ಲ್ಯಾಪ್‌ಟಾಪ್ ಬೇಕು. ಉಪ್ಪನ ಮೊದಲ ಸಂಶಯ, ಇದು ಹಾಡಿಗಾ, ಗೇಮಿಗಾ? ಎರಡನೆಯದು, ಎಷ್ಟಾಗ್ತದೆ? ಹುಡುಗ ಎಪ್ಪತ್ತು ಸಾವಿರ, ಎಂಬತ್ತು ಸಾವಿರ ಎನ್ನುತ್ತಾನೆ. ಉಮ್ಮ ಚಿನ್ನದ ಕಡೆ ನೋಡುತ್ತಾಳೆ. ಕೊನೆಗೆ ಯಾರೋ ಒಬ್ಬರು "ಇಎಂಐಯಲ್ಲಿ ತೆಗೆಯುವ, ತಿಂಗಳಿಗೆ ಇಷ್ಟೇ" ಎನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ, ಸಾಲ ಶುರುವಾಗುತ್ತದೆ.

ನಮ್ಮ ಅಭಿಪ್ರಾಯ ಇದು: ನಮ್ಮ ಹಾಡು ರೆಕಾರ್ಡ್ ಮಾಡಲು ಅಷ್ಟು ದೊಡ್ಡ ಲ್ಯಾಪ್‌ಟಾಪ್ ಬೇಡವೇ ಬೇಡ. ಕೈಯಲ್ಲಿರುವ ದುಡ್ಡಿನೊಳಗೆ ಹಳೆಯದಾದರೂ ಗಟ್ಟಿಯಾದ ಯಂತ್ರ ಸಿಗುತ್ತದೆ. ಉಳಿದ ದುಡ್ಡು ಮೈಕಿಗೆ ಹೋಗಬೇಕು. ಇದನ್ನು ಬರೇ ಬಾಯಿಮಾತಿಗೆ ಹೇಳುತ್ತಿಲ್ಲ, ಕೆಳಗೆ ಲೆಕ್ಕ ಕೊಟ್ಟಿದ್ದೇವೆ, ನೋಡಿ.

ಈ ಮಾತಿಗೆ ಬೆಂಗಳೂರಿನ ಸುಲ್ತಾನ್‌ಪೇಟೆಗಿಂತ ಒಳ್ಳೆಯ ಜಾಗ ಇಲ್ಲ. ಊರಿನಿಂದ ಬಂದು ಹಳೆ ಪೇಟೆಯ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಈ ಗಲ್ಲಿಗಳು ಗೊತ್ತು. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡು, ಕ್ಯಾಲೆಂಡರ್, ಕಾಗದದ ವ್ಯಾಪಾರ. ಪಕ್ಕದ ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳು, ತಬಲಾ, ಮೃದಂಗ, ಹಾರ್ಮೋನಿಯಂ ಎಲ್ಲ ಅಲ್ಲಿ. ಇನ್ನೂ ಸ್ವಲ್ಪ ನಡೆದರೆ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. ಹೊಸದು, ಹಳೆಯದು, ಬಿಡಿಭಾಗ, ರಿಪೇರಿ, ಕಂಪ್ಯೂಟರಿಗೆ ಸಂಬಂಧಪಟ್ಟ ಎಲ್ಲವೂ ಅಲ್ಲುಂಟು. ಹಾಡಿಗೆ ಬೇಕಾದ ಸಾಮಾನು ಇಷ್ಟು ಹತ್ತಿರದಲ್ಲಿ ಸಿಗುವ ಜಾಗ ಕರ್ನಾಟಕದಲ್ಲಿ ಬೇರೆಲ್ಲಿ ಉಂಟು? ಹೀಗಿದ್ದೂ ನಮ್ಮವರು ಮೋಸ ಹೋಗುವುದೂ ಇಲ್ಲಿಯೇ. ಎಂತ ಕೇಳಬೇಕು ಅಂತ ಗೊತ್ತಿಲ್ಲದೆ ಅಂಗಡಿಗೆ ಹೋಗುವುದೇ ಅದಕ್ಕೆ ಕಾರಣ.

ನಮ್ಮ ಹಾಡಿಗೆ ಎಂತ ಬೇಕು?

ಮೊದಲು ನಮ್ಮ ಹಾಡು ಯಾವುದು ಅಂತ ನೋಡುವ. ಮೀಲಾದಿನ ಮದ್‌ಹ್ ಹಾಡು, ಬುರ್ದಾ ಮಜ್ಲಿಸ್, ದಫ್ ತಂಡ, ಮದುವೆಮನೆಯ ಮೊಯಿಲಾಂಜಿ ಪಾಟ್, ತೊಟ್ಟಿಲು ತೂಗುವಾಗಿನ ಉಂಜಾಲ್ ಪಾಟ್, ಕೋಲಾಟದ ಹಾಡು. ಇವುಗಳಲ್ಲಿ ಮುಖ್ಯವಾದದ್ದು ಮನುಷ್ಯನ ಸ್ವರ. ಅದರ ಜೊತೆಗೆ ಹೆಚ್ಚೆಂದರೆ ದಫ್, ಕೈಚಪ್ಪಾಳೆ, ಕೋಲು. ವಾದ್ಯದ ಬಗ್ಗೆ ನಮ್ಮೊಳಗೆ ಬೇರೆ ಬೇರೆ ಅಭಿಪ್ರಾಯ ಉಂಟು. ಅದನ್ನು ತೀರ್ಮಾನಿಸುವುದು ಉಸ್ತಾದರ ಕೆಲಸ, ಈ ಪುಟದ್ದಲ್ಲ. ನಾವು ಹೇಳುವುದು ಇಷ್ಟೇ: ಸ್ವರ ಮತ್ತು ದಫ್‌ನ ಹಾಡು ಕಂಪ್ಯೂಟರಿಗೆ ಹಗುರದ ಕೆಲಸ.

ಸಿನಿಮಾ ಸಂಗೀತ ಮಾಡುವವರ ಕಥೆ ಬೇರೆ. ಅವರು ನೂರು ಪಿಟೀಲಿನ ಧ್ವನಿಯನ್ನು ಕಂಪ್ಯೂಟರಿನ ಒಳಗೇ ಹುಟ್ಟಿಸುತ್ತಾರೆ. ಅಂಥ ಧ್ವನಿ ಸಂಗ್ರಹಗಳು ಹತ್ತಾರು, ಕೆಲವೊಮ್ಮೆ ನೂರಾರು ಜಿಬಿ ಇರುತ್ತವೆ. ಅವರಿಗೆ 32 ಜಿಬಿ, 64 ಜಿಬಿ ರ್‍ಯಾಮ್ ಬೇಕು. ವಿಡಿಯೋಗಳಲ್ಲಿ "ಮ್ಯೂಸಿಕ್ ಪ್ರೊಡಕ್ಷನ್‌ಗೆ ಬೆಸ್ಟ್ ಲ್ಯಾಪ್‌ಟಾಪ್" ಎಂದು ತೋರಿಸುವುದು ಹೆಚ್ಚಾಗಿ ಅವರಿಗಾಗಿ. ನಮ್ಮ ಹುಡುಗರು ಅದನ್ನು ನೋಡಿ ಅದೇ ಬೇಕು ಅಂತ ಕೂರುತ್ತಾರೆ.

ಈಗ ನಮ್ಮ ಲೆಕ್ಕ. ಒಬ್ಬ ಮುಖ್ಯ ಗಾಯಕ, ನಾಲ್ಕೈದು ಜನರ ಹಿಮ್ಮೇಳ, ಎರಡು ಮೂರು ದಫ್. ಎಲ್ಲ ಸೇರಿ ಹತ್ತು ಟ್ರ್ಯಾಕ್ ಅಂತ ಇಟ್ಟುಕೊಳ್ಳಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ನಾಲ್ಕು ನಿಮಿಷದ ಹಾಡು, ಹತ್ತು ಟ್ರ್ಯಾಕ್: ಒಟ್ಟು ಸುಮಾರು 346 ಎಂಬಿ. ಮೊಬೈಲಿನಲ್ಲಿ ಬರುವ ಒಂದು ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ! ಇಷ್ಟನ್ನು ಓದಿ, ಬರೆದು, ಅದರ ಮೇಲೆ ಸ್ವಲ್ಪ ಗುಂಗು, ಸ್ವಲ್ಪ ಹದ ಕೂಡಿಸಲು ಏಳೆಂಟು ವರ್ಷ ಹಳೆಯ ಒಳ್ಳೆ ಲ್ಯಾಪ್‌ಟಾಪ್ ಧಾರಾಳ ಸಾಕು.

ನೋಡಬೇಕಾದ ನಾಲ್ಕು ವಿಷಯ

ಒಂದನೆಯದು ಪ್ರೊಸೆಸರ್. ಎಸ್.ಪಿ. ರಸ್ತೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. "ಐ7 ಉಂಟು ಭಾಯ್, ಐ5 ಅಲ್ಲ" ಎಂದು ಹೇಳಿದ ಕೂಡಲೇ ನಮ್ಮವರು ಒಪ್ಪಿಬಿಡುತ್ತಾರೆ. ಐ5, ಐ7 ಎಂಬ ಹೆಸರಿಗಿಂತ ಅದರ ನಂತರ ಬರುವ ಅಂಕಿ ಮುಖ್ಯ. ಐ7-7500ಯು ಎಂದಿದ್ದರೆ ಅದು ಏಳನೇ ಜನರೇಷನ್, ಒಳಗೆ ಇರುವುದು ಎರಡೇ ಕೋರ್. ಐ5-8250ಯು ಎಂದಿದ್ದರೆ ಅದು ಎಂಟನೇ ಜನರೇಷನ್, ಒಳಗೆ ನಾಲ್ಕು ಕೋರ್. ಹೆಸರಿನಲ್ಲಿ ಚಿಕ್ಕದಾದ ಐ5 ಕೆಲಸದಲ್ಲಿ ದೊಡ್ಡದು. ಹಾಡಿನ ಸಾಫ್ಟ್‌ವೇರ್ ಬೇರೆ ಬೇರೆ ಟ್ರ್ಯಾಕಿನ ಕೆಲಸವನ್ನು ಕೋರ್‌ಗಳಿಗೆ ಹಂಚುವ ಕಾರಣ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಎಂಟನೇ ಜನರೇಷನ್ ಬೇಕೆನ್ನಲು ಇನ್ನೊಂದು ಕಾರಣ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಹುಮಟ್ಟಿಗೆ ಇಂಟೆಲ್ ಎಂಟನೇ ಜನರೇಷನ್‌ನಿಂದ ಮೇಲಿನವನ್ನು ಮಾತ್ರ ಒಪ್ಪುತ್ತದೆ. ಆರನೇ, ಏಳನೇ ಜನರೇಷನ್‌ನ ಯಂತ್ರಗಳಿಗೂ ಹೇಗಾದರೂ ಮಾಡಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಆದರೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ಕೊಡುವುದಿಲ್ಲ, ನಾಳೆ ಅಪ್‌ಡೇಟ್ ಕೈಕೊಟ್ಟರೆ ಕೇಳುವವರಿಲ್ಲ. ಆ ಹಳೆ ಯಂತ್ರಗಳು ಅಗ್ಗಕ್ಕೆ ಸಿಗುತ್ತಿದ್ದರೆ ಅದಕ್ಕೊಂದು ಕಾರಣ ಇರುತ್ತದೆ ಎಂದು ತಿಳಿಯಿರಿ.

ಎರಡನೆಯದು ರ್‍ಯಾಮ್. 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, 16 ಜಿಬಿ ಇದ್ದರೆ ನೆಮ್ಮದಿ. ಆದ್ದರಿಂದ ರ್‍ಯಾಮ್ ಮುಂದೆ ಹಾಕಿಸಿಕೊಳ್ಳಲು ಬರುವ ಮಾದರಿ ಆರಿಸಿ. ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟು, ಮೂರು ನಾಲ್ಕು ವರ್ಷದ ನಂತರ ಮಾರುವ ಲ್ಯಾಪ್‌ಟಾಪ್‌ಗಳು ಇದಕ್ಕೆ ಒಳ್ಳೆಯವು. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಇಂಥವು. ಇವುಗಳಲ್ಲಿ ರ್‍ಯಾಮ್‌ಗೆ ಎರಡೆರಡು ಸ್ಲಾಟ್ ಉಂಟು. ಒಂದು ಎಚ್ಚರಿಕೆ: ಇದೇ ಮಾದರಿಗಳಲ್ಲಿ ಏಳನೇ ಜನರೇಷನ್ ಪ್ರೊಸೆಸರ್ ಇರುವವೂ ಉಂಟು. ಮಾದರಿಯ ಹೆಸರು ಕೇಳಿ ಸುಮ್ಮನಾಗಬೇಡಿ, ಪ್ರೊಸೆಸರ್ ಅಂಕಿಯನ್ನು ತೆರೆ ಮೇಲೆ ನೋಡಿಯೇ ಒಪ್ಪಿ.

ಮೂರನೆಯದು ಎಸ್‌ಎಸ್‌ಡಿ. ತಿರುಗುವ ಹಳೆ ಹಾರ್ಡ್‌ಡಿಸ್ಕ್ ಇದ್ದರೆ ಬದಲಿಸಿ ಕೊಡಲು ಹೇಳಿ. ಅದು ನಿಧಾನ, ಅಲ್ಲದೆ ಅದರ ಸದ್ದು ಕೂಡ ಮೈಕಿಗೆ ಬೀಳುತ್ತದೆ. 256 ಜಿಬಿ ಶುರುವಿಗೆ ಸಾಕು, 512 ಜಿಬಿ ಸಿಕ್ಕಿದರೆ ಒಳ್ಳೆಯದು.

ನಾಲ್ಕನೆಯದು ಬೇಡದ್ದು ಯಾವುದು ಎಂಬುದು. ಗ್ರಾಫಿಕ್ಸ್ ಕಾರ್ಡ್ ಬೇಡ, ಹಾಡು ರೆಕಾರ್ಡ್ ಮಾಡಲು ಅದರಿಂದ ಉಪಯೋಗ ಇಲ್ಲ. ಗೇಮಿಂಗ್ ಲ್ಯಾಪ್‌ಟಾಪಿನ ದರದಲ್ಲಿ ದೊಡ್ಡ ಪಾಲು ಆ ಕಾರ್ಡಿನದ್ದೇ. ಮೇಲಿಂದ ಅದರ ಫ್ಯಾನ್ ಸದ್ದು ಬೇರೆ, ಪಕ್ಕದಲ್ಲಿಟ್ಟು ಹಾಡಿದರೆ ಹಾಡಿಗಿಂತ ಮೊದಲು ಫ್ಯಾನ್ ಕೇಳುತ್ತದೆ. ಹಾಗೆಯೇ ಹೊಸ ಡಬ್ಬಿಯಲ್ಲಿ ಅಗ್ಗಕ್ಕೆ ಬರುವ ಸೆಲೆರಾನ್ ಲ್ಯಾಪ್‌ಟಾಪ್‌ಗಳೂ ಬೇಡ. ಅವುಗಳಲ್ಲಿ ಹಲವಕ್ಕೆ 4 ಜಿಬಿ ರ್‍ಯಾಮ್, 64 ಜಿಬಿಯ ಇಎಂಎಂಸಿ ಸ್ಟೋರೇಜ್. ಹೊಸತು ಎಂಬ ಒಂದೇ ಕಾರಣಕ್ಕೆ ತೆಗೆದರೆ ಆರು ತಿಂಗಳಲ್ಲಿ ಮೂಲೆ ಸೇರುತ್ತದೆ.

ಸ್ವಲ್ಪ ಹೆಚ್ಚು ಕೈಯಲ್ಲಿದ್ದರೆ 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ಸೆಕೆಂಡ್ ಹ್ಯಾಂಡ್ ನೋಡಬಹುದು. ಅದರಲ್ಲಿ ಫ್ಯಾನೇ ಇಲ್ಲ, ಅಂದರೆ ಸದ್ದೇ ಇಲ್ಲ. ಗ್ಯಾರೇಜ್‌ಬ್ಯಾಂಡ್ ಉಚಿತ. ಆದರೆ ಅದರ ರ್‍ಯಾಮ್ ಮುಂದೆ ಹೆಚ್ಚಿಸಲು ಆಗುವುದಿಲ್ಲ, ರಿಪೇರಿಯೂ ದುಬಾರಿ. ಯೋಚಿಸಿ ಕೈಹಾಕಿ.

ಅಂಗಡಿಯಲ್ಲಿ ನಿಂತು ಮಾಡಬೇಕಾದ್ದು

ನಮ್ಮ ಸಮುದಾಯದ ಹೆಸರಿನಲ್ಲೇ ವ್ಯಾಪಾರ ಉಂಟು. ತುಳುವಿನ "ಬ್ಯಾರ" ಎಂಬ ಮಾತಿನಿಂದ ಬ್ಯಾರಿ ಬಂತು ಎನ್ನುತ್ತಾರೆ. ಮೀನಿನ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕದ ನಾವು ಲ್ಯಾಪ್‌ಟಾಪ್‌ನ್ನು ಮಾತ್ರ ಹೊರಗಿನ ಹೊಳಪು ನೋಡಿ ತೆಗೆದುಕೊಳ್ಳುವುದು ಯಾಕೆ?

ಅರ್ಧ ಗಂಟೆ ಕೊಡಿ. ಯಂತ್ರ ಆನ್ ಮಾಡಿ, ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರ್ ಹೆಸರು, ಕೋರ್ ಎಷ್ಟು, ರ್‍ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ, ಎಲ್ಲ ಅಲ್ಲೇ ಕಾಣುತ್ತದೆ. ವಿಂಡೋಸ್‌ನಲ್ಲಿ ಬ್ಯಾಟರಿ ವರದಿ ತೆಗೆಯುವ ದಾರಿ ಉಂಟು. ಹೊಸದಿದ್ದಾಗ ಬ್ಯಾಟರಿಯ ಶಕ್ತಿ ಎಷ್ಟು, ಈಗ ಎಷ್ಟು ಎಂದು ಎರಡೂ ಅಂಕಿ ಅದರಲ್ಲಿ ಬರುತ್ತವೆ. ಈಗಿನದು ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿಯ ಖರ್ಚು ಕಳೆದು ದರ ಮಾತಾಡಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ, ಯಾಕೆಂದರೆ ನಾಳೆ ಮೈಕಿನ ಪೆಟ್ಟಿಗೆ ಕೂರುವುದು ಅಲ್ಲಿಯೇ. ಯಂತ್ರ ಮತ್ತೆ ಸ್ಟಾರ್ಟ್ ಮಾಡಿ ಬಯೋಸ್ ತೆರೆಯಿರಿ. ಅದು ಪಾಸ್‌ವರ್ಡ್ ಕೇಳಿದರೆ ಹಿಂದಿನ ಕಂಪನಿ ಹಾಕಿದ ಬೀಗ ಇನ್ನೂ ಬಿಚ್ಚಿಲ್ಲ ಎಂದು ಅರ್ಥ, ಅಂಥದ್ದು ಬೇಡ. ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಂ ಹತ್ತು ನಿಮಿಷ ಓಡಿಸಿದರೆ ಆ ಯಂತ್ರದಲ್ಲಿ ಧ್ವನಿ ಕಡಿಯದೆ ಬರುತ್ತದಾ ಇಲ್ಲವಾ ಅಂತ ಅದೇ ಹೇಳುತ್ತದೆ.

ಬಿಲ್ಲು ಕೇಳಿ, ಅದರಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಎಷ್ಟು ದಿನ, ಯಾವುದಕ್ಕೆ ಎಂಬುದೂ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ. ಕದ್ದ ಮಾಲು ಕೈಗೆ ಬಂದರೆ ದುಡ್ಡೂ ಹೋಯ್ತು, ಮರ್ಯಾದೆಯೂ ಹೋಯ್ತು. ಮೂರು ಅಂಗಡಿ ವಿಚಾರಿಸದೆ ನಾಲ್ಕನೆಯದರಲ್ಲಿ ದುಡ್ಡು ಬಿಚ್ಚಬೇಡಿ.

ಮೈಕಿಗೆ ದುಡ್ಡು ಉಳಿಸಿ

ಒಟ್ಟು ನಲವತ್ತು ಸಾವಿರ ಉಂಟು ಅಂತ ಇಟ್ಟುಕೊಳ್ಳುವ. ಲ್ಯಾಪ್‌ಟಾಪ್‌ಗೆ ಇಪ್ಪತ್ತೈದಕ್ಕಿಂತ ಮೇಲೆ ಹೋಗಬೇಡಿ ಎಂಬುದು ನಮ್ಮ ಸಲಹೆ. ಉಳಿದ ಹದಿನೈದು ಮೈಕ್, ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್‌ಗೆ. ಇಂಟರ್‌ಫೇಸ್ ಎಂದರೆ ಮೈಕಿನ ಸ್ವರವನ್ನು ಅಂಕಿಯಾಗಿ ಬದಲಾಯಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುವ ಸಣ್ಣ ಪೆಟ್ಟಿಗೆ. ಅಂಗಡಿಯಲ್ಲಿ ಕೆಲವರು ಇದನ್ನು ಸೌಂಡ್ ಕಾರ್ಡ್ ಎಂದೂ ಕರೆಯುತ್ತಾರೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, ಬೆಹ್ರಿಂಗರ್ ಯುಎಂ2 ಇಂಥವು ಒಂದು ಮೈಕಿಗೆ ಸಾಕಾಗುವ ಪೆಟ್ಟಿಗೆಗಳು.

ಸಾಧಾರಣ ಲ್ಯಾಪ್‌ಟಾಪ್ ಸಾಕು ಎಂದು ನಾವು ಧೈರ್ಯವಾಗಿ ಹೇಳುವುದು ಈ ಪೆಟ್ಟಿಗೆಯ ಬಲದಿಂದ. ಹಾಡುವಾಗ ತನ್ನ ಸ್ವರ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಯಾರಿಗೂ ಹಾಡಲು ಆಗುವುದಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ 256 ಎಂದು ಇಟ್ಟರೆ ಆ ಬಫರಿನಿಂದ ಆಗುವ ತಡ 5 ಮಿಲಿಸೆಕೆಂಡಿಗೆ ಚೂರು ಹೆಚ್ಚು. 1024 ಇಟ್ಟರೆ 21 ದಾಟುತ್ತದೆ. ಗಾಳಿಯಲ್ಲಿ ಸ್ವರ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ದಫ್ ತಂಡದಲ್ಲಿ ಎರಡು ಮೀಟರ್ ಆಚೆ ನಿಂತವನ ಬಡಿತ ನಮಗೆ ಕೇಳುವುದೂ ಸುಮಾರು 6 ಮಿಲಿಸೆಕೆಂಡ್ ತಡವಾಗಿಯೇ, ಆದರೂ ತಾಳ ತಪ್ಪುವುದಿಲ್ಲ. ಅಂದರೆ 5 ಮಿಲಿಸೆಕೆಂಡ್ ದೊಡ್ಡ ವಿಷಯ ಅಲ್ಲ, ತೊಂದರೆ ಕೊಡುವುದು 21. ಹಳೆ ಲ್ಯಾಪ್‌ಟಾಪ್ ಸಣ್ಣ ಬಫರ್‌ನಲ್ಲಿ ತಿಣುಕಿದರೂ ಹೆದರಬೇಕಾಗಿಲ್ಲ. ಒಳ್ಳೆ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಸ್ವಿಚ್ ಉಂಟು. ಅದನ್ನು ಒತ್ತಿದರೆ ನಮ್ಮ ಸ್ವರ ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಲ್ಯಾಪ್‌ಟಾಪ್ ನಿಧಾನವಾಗಿ ಬರೆದುಕೊಳ್ಳಲಿ, ಹಾಡುವವನಿಗೆ ಅದರ ಗೊಡವೆ ಇಲ್ಲ.

ಹೆಡ್‌ಫೋನ್ ವೈರ್ ಇರುವುದೇ ಆಗಬೇಕು. ಬ್ಲೂಟೂತ್ ಕೇಳಲಿಕ್ಕೆ ಚೆಂದ, ರೆಕಾರ್ಡಿಂಗಿಗೆ ಆಗದು, ಅದರ ತಡ ಇನ್ನೂ ದೊಡ್ಡದು.

ಮೈಕಿನಲ್ಲಿ ಎರಡು ಬಗೆ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಉಸಿರನ್ನೂ ಹಿಡಿಯುತ್ತದೆ. ಆದರೆ ಸುಲ್ತಾನ್‌ಪೇಟೆಯಂಥ ಕಡೆ ಅದು ಕಾಗದದ ಬಂಡಲ್ ಇಳಿಸುವ ಸದ್ದು, ಆಟೋ ಹಾರ್ನ್, ಪಕ್ಕದ ಪ್ರಿಂಟಿಂಗ್ ಮೆಷಿನ್, ಮೇಲಿನ ಮನೆಯ ಕುಕ್ಕರ್ ಸೀಟಿ ಎಲ್ಲವನ್ನೂ ಹಿಡಿಯುತ್ತದೆ. ಅಂಥ ಕೋಣೆಗೆ ಬಾಯಿಯ ಹತ್ತಿರ ಹಿಡಿದು ಹಾಡುವ ಡೈನಾಮಿಕ್ ಮೈಕ್ ಒಳ್ಳೆಯದು. ಮಸೀದಿಯಲ್ಲಿ, ಸಭೆಯಲ್ಲಿ ನಾವು ನೋಡುವುದು ಹೆಚ್ಚಾಗಿ ಇದೇ ಜಾತಿ. 1966ರಿಂದ ಮಾರಾಟದಲ್ಲಿರುವ ಶೂರ್ ಎಸ್‌ಎಂ58 ಇದರಲ್ಲಿ ಹೆಸರು ಮಾಡಿದ್ದು. ಆದರೆ ಅದರ ನಕಲಿಗಳು ಬಹಳ ಉಂಟು, ನಂಬಿಕೆಯ ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಮಾತ್ರ ತೆಗೆಯಿರಿ.

ಕೋಣೆಗೆ ದುಡ್ಡು ಬೇಡ. ಕಂಬಳಿ, ಹಾಸಿಗೆ, ಬಟ್ಟೆ ತುಂಬಿದ ಕಪಾಟಿನ ಮುಂದೆ ನಿಂತು ಹಾಡಿದರೆ ಗೋಡೆಯಿಂದ ತಿರುಗಿ ಬರುವ ಸದ್ದು ಕಡಿಮೆಯಾಗುತ್ತದೆ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಲ್ಯಾಪ್‌ಟಾಪ್ ಎರಡು ಮೀಟರ್ ದೂರ ಇಡಿ. ಇಶಾ ಮುಗಿದು ಪೇಟೆಯ ಶಟರ್‌ಗಳು ಇಳಿದ ಮೇಲಿನ ಹೊತ್ತು ಒಳ್ಳೆಯದು, ಪಕ್ಕದವರ ನಿದ್ದೆ ಕೆಡಿಸದೆ. ದಫ್ ರೆಕಾರ್ಡ್ ಮಾಡುವಾಗ ಮೈಕ್ ಸ್ವಲ್ಪ ದೂರ ಇರಲಿ. ಮೀಟರ್ ಕೆಂಪಿಗೆ ಹೋದರೆ ಆ ಬಡಿತ ಒಡೆದು ಹೋಗುತ್ತದೆ, ಆಮೇಲೆ ಯಾವ ಕಂಪ್ಯೂಟರೂ ಅದನ್ನು ಸರಿಮಾಡಲಾರದು.

"ಮೊಬೈಲ್ ಸಾಲದಾ?" ಎಂದು ಕೇಳುವವರಿಗೂ ಒಂದು ಮಾತು. ಕಲಿಯಲು, ಅಜ್ಜಿಯ ಒಂದು ಹಾಡನ್ನು ಇವತ್ತೇ ಹಿಡಿದಿಡಲು ಮೊಬೈಲ್ ಖಂಡಿತ ಸಾಕು. ಲ್ಯಾಪ್‌ಟಾಪ್ ಇಲ್ಲ ಅಂತ ಆ ಕೆಲಸ ನಾಳೆಗೆ ಹಾಕಬೇಡಿ. ನಾಲ್ಕು ಜನರ ಸ್ವರ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು, ಹದ ಮಾಡಿ, ಹತ್ತು ಹಾಡಿನ ಕಟ್ಟು ಮಾಡುವಾಗ ಮೊಬೈಲಿನ ಸಣ್ಣ ತೆರೆ ಸಾಲುವುದಿಲ್ಲ. ಲ್ಯಾಪ್‌ಟಾಪಿನ ಮಾತು ಬರುವುದು ಆಗ.

ಕ್ರ್ಯಾಕ್ ಮತ್ತು ಕಂತು

ಲ್ಯಾಪ್‌ಟಾಪ್ ಜೊತೆ "ಎಲ್ಲ ಸಾಫ್ಟ್‌ವೇರ್ ಫ್ರೀ ಹಾಕಿ ಕೊಡ್ತೇವೆ" ಎನ್ನುವವರು ಸಿಗುತ್ತಾರೆ. ಅದು ಫ್ರೀ ಅಲ್ಲ, ಕ್ರ್ಯಾಕ್. ಇನ್ನೊಬ್ಬರ ದುಡಿಮೆಯನ್ನು ಹೇಳದೆ ಕೇಳದೆ ತೆಗೆದುಕೊಳ್ಳುವುದು. ಅಂಥ ಸಾಫ್ಟ್‌ವೇರಿನಲ್ಲಿ ನಬಿಯವರ ಮದ್‌ಹ್ ಹಾಡನ್ನು ರೆಕಾರ್ಡ್ ಮಾಡುವುದು ನಮ್ಮ ಮನಸ್ಸಿಗೆ ಒಪ್ಪುತ್ತದಾ? ಧರ್ಮದ ಮಾತು ಪಕ್ಕಕ್ಕಿಟ್ಟರೂ, ಕ್ರ್ಯಾಕ್‌ಗಳ ಜೊತೆ ವೈರಸ್ ಬರುವುದು ಮಾಮೂಲು, ಇಡೀ ವರ್ಷದ ರೆಕಾರ್ಡಿಂಗ್ ಒಂದು ದಿನದಲ್ಲಿ ಹೋಗಬಹುದು.

ಕ್ರ್ಯಾಕ್‌ನ ಅಗತ್ಯವೇ ಇಲ್ಲ. ಆಡಾಸಿಟಿ 2000ದಿಂದ ಉಚಿತವಾಗಿ ಸಿಗುತ್ತಿದೆ, ಕಲಿಯಲು ಅದೇ ಸಾಕು. ಮುಂದೆ ಹೋಗುವವರಿಗೆ ರೀಪರ್ ಉಂಟು. ಅದನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಯವರಿಗೆ ರಿಯಾಯಿತಿ ದರ 60 ಡಾಲರ್. ಸಣ್ಣ ಗಾತ್ರದ ಸಾಫ್ಟ್‌ವೇರ್, ಹಳೆ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ನಾಲ್ಕು ಗೆಳೆಯರು ಸೇರಿ ಒಂದೇ ಲ್ಯಾಪ್‌ಟಾಪ್ ಬಳಸುವುದಾದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಮದುವೆ ಉಡುಗೊರೆಯಷ್ಟು.

ಇನ್ನು ಕಂತು. "ನೋ ಕಾಸ್ಟ್ ಇಎಂಐ, ಬಡ್ಡಿ ಇಲ್ಲ" ಎನ್ನುತ್ತಾರೆ. ಕಾಗದ ಪೂರ್ತಿ ಓದಿ. ಕ್ರೆಡಿಟ್ ಕಾರ್ಡಿನ ಇಂಥ ಹೆಚ್ಚಿನ ಯೋಜನೆಗಳಲ್ಲಿ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಮಾರುವವರು ಮೊದಲೇ ದರದಲ್ಲಿ ರಿಯಾಯಿತಿ ಎಂದು ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಗೆ. ಕೆಲವು ಕಡೆ ಪ್ರೊಸೆಸಿಂಗ್ ಫೀ ಬೇರೆ. ಶೂನ್ಯ ಬಡ್ಡಿ ಎಂಬುದೇ ನಿಜದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ರಿಬಾದ ವಿಷಯದಲ್ಲಿ ಎಚ್ಚರ ಇರುವ ನಮ್ಮ ಮನೆಗಳು "ನೋ ಕಾಸ್ಟ್" ಎಂಬ ಎರಡು ಇಂಗ್ಲಿಷ್ ಪದ ನೋಡಿ ಮೈಮರೆಯಬಾರದು. ಸಂಶಯ ಇದ್ದರೆ ಆ ಕಾಗದವನ್ನೇ ಹಿಡಿದು ತಿಳಿದ ಉಸ್ತಾದರ ಹತ್ತಿರ ಕೇಳಿ. ಇದ್ದ ದುಡ್ಡಿಗೆ ಹಳೆಯದು ತೆಗೆಯಿರಿ, ಇಲ್ಲದ ದುಡ್ಡಿಗೆ ಹೊಸದು ಬೇಡ.

ಇಷ್ಟೆಲ್ಲ ಯಾಕೆ?

ಒಂದು ಲ್ಯಾಪ್‌ಟಾಪಿಗೆ ಇಷ್ಟು ಬರೆಯಬೇಕಾ ಎಂದು ಕೇಳಬಹುದು. ಬರೆಯಬೇಕಾಗಿದೆ, ಯಾಕೆಂದರೆ ವಿಷಯ ಬರೇ ಯಂತ್ರದ್ದಲ್ಲ.

ನಮ್ಮ ಮನೆಗಳಲ್ಲಿ ಒಂದು ಕಾಲದಲ್ಲಿ ಮಾಪಿಳ ಪಾಟ್ಟಿನ ಕ್ಯಾಸೆಟ್ ಓಡುತ್ತಿತ್ತು. ವಿ.ಎಂ. ಕುಟ್ಟಿ, ಎರಂಞೋಳಿ ಮೂಸ, ಪೀರ್ ಮುಹಮ್ಮದ್ ಇವರ ಸ್ವರ ಹಡಗು ಹತ್ತಿ ಗಲ್ಫಿಗೂ ಹೋಯಿತು, ತಿರುಗಿ ನಮ್ಮ ಮನೆಗೂ ಬಂತು. ಆ ಮೂವರೂ ಈಗ ಇಲ್ಲ, ಸ್ವರ ಉಂಟು. ರೆಕಾರ್ಡ್ ಆಗಿತ್ತು ಎಂಬ ಒಂದೇ ಕಾರಣಕ್ಕೆ ಉಂಟು. ಅದೇ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಮದುವೆಯ ಮೊಯಿಲಾಂಜಿ ರಾತ್ರಿ ಬ್ಯಾರಿ ಭಾಷೆಯಲ್ಲೇ ಹಾಡುತ್ತಿದ್ದರು. ಅವರಲ್ಲಿ ಎಷ್ಟು ಜನರ ಸ್ವರ ನಮ್ಮ ಹತ್ತಿರ ಉಂಟು? ಒಬ್ಬ ಅಜ್ಜಿ ತೀರಿಕೊಂಡರೆ ಅವರ ಜೊತೆ ಹತ್ತು ಹದಿನೈದು ಹಾಡು ಮಣ್ಣಿಗೆ ಹೋಗುತ್ತದೆ. ಬರೆದಿಟ್ಟರೆ ಪದ ಉಳಿಯಬಹುದು, ರಾಗ ಉಳಿಯುವುದಿಲ್ಲ.

2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ "ಬ್ಯಾರಿ" ಸಿನಿಮಾ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಾಗ ನಾವೆಲ್ಲ ಎದೆ ಉಬ್ಬಿಸಿದೆವು. ಆದರೆ ಭಾಷೆ ಬದುಕುವುದು ಅಕಾಡೆಮಿಯಿಂದ, ಪ್ರಶಸ್ತಿಯಿಂದ ಮಾತ್ರ ಅಲ್ಲ, ಮನೆಯೊಳಗಿನ ಬಾಯಿಯಿಂದ. ಈಗ ಮದುವೆ ಹಾಲ್‌ಗಳಲ್ಲಿ ಕೇಳುವುದು ಹೆಚ್ಚಾಗಿ ಮಲಯಾಳದ ಕರೋಕೆ, ಇಲ್ಲವೇ ಹಿಂದಿ. ಮಲಯಾಳದ ಹಾಡಿನ ಬಗ್ಗೆ ನಮಗೆ ತಕರಾರಿಲ್ಲ, ಅದು ನಮ್ಮ ನೆರೆಮನೆಯದ್ದೇ. ಆದರೆ ನಮ್ಮ ಹುಡುಗರಿಗೆ ಹಾಕಲು ಬ್ಯಾರಿ ಹಾಡಿನ ಒಳ್ಳೆ ರೆಕಾರ್ಡಿಂಗ್ ಬೇಕಷ್ಟು ಸಿಗದಿದ್ದರೆ ಅವರು ಇನ್ನೇನು ಹಾಕಬೇಕು? ಒಂದು ಮದುವೆಯ ಸ್ಟೇಜ್ ಅಲಂಕಾರಕ್ಕೆ ನಾವು ಸುರಿಯುವ ದುಡ್ಡಿನಲ್ಲಿ ಇಂಥ ರೆಕಾರ್ಡಿಂಗ್ ಸೆಟ್ ಎಷ್ಟು ಬರುತ್ತದೆ, ಲೆಕ್ಕ ನೀವೇ ಹಾಕಿ.

ಹಾಡು ಹಿಡಿಯಲು ಹೊರಡುವ ಹುಡುಗರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಮೊಯಿಲಾಂಜಿ ಪಾಟ್, ಉಂಜಾಲ್ ಪಾಟ್ ಹೆಣ್ಣುಮಕ್ಕಳ ಹಾಡು, ಮನೆಯೊಳಗಿನ ಹಾಡು. ಹಾಡಿದ ಅಜ್ಜಿ "ಇದು ಮನೆಯಲ್ಲೇ ಇರಲಿ" ಎಂದರೆ ಅದು ಮನೆಯಲ್ಲೇ ಇರಬೇಕು. ಕೇಳದೆ ಯೂಟ್ಯೂಬಿಗೆ ಹಾಕುವುದು ಬೇಡ. ಅವರ ಸ್ವರ ನಮ್ಮ ಕೈಯಲ್ಲಿರುವ ಅಮಾನತ್. ಹೊರಗೆ ಕೇಳಿಸಲು ಒಪ್ಪಿಗೆ ಇಲ್ಲದಿದ್ದರೆ ರಾಗವನ್ನು ಅವರಿಂದ ಕಲಿತು ಬೇರೆಯವರು ಹಾಡಬಹುದು. ಮೂಲ ರೆಕಾರ್ಡಿಂಗ್ ಮೊಮ್ಮಕ್ಕಳಿಗಾಗಿ ಮನೆಯಲ್ಲಿ ಉಳಿಯಲಿ. ರೆಕಾರ್ಡಿಂಗ್ ಜೊತೆಗೆ ಹಾಡಿದವರ ಹೆಸರು, ಊರು, ತಾರೀಕು, ಯಾರಿಂದ ಕಲಿತರು ಎಂಬುದನ್ನು ಮೊದಲ ಅರ್ಧ ನಿಮಿಷ ಅವರ ಬಾಯಿಂದಲೇ ಹೇಳಿಸಿ ಇಡಿ. ಹಾಡಿನಷ್ಟೇ ಅದಕ್ಕೂ ಬೆಲೆ ಉಂಟು. ಒಂದೇ ಲ್ಯಾಪ್‌ಟಾಪ್ ನಂಬಬೇಡಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ.

ಕೊನೆಗೆ ಜಮಾಅತ್‌ಗಳಿಗೆ, ಬೆಂಗಳೂರಿನಲ್ಲಿರುವ ನಮ್ಮ ಸಂಘಟನೆಗಳಿಗೆ ಒಂದು ಬೇಡಿಕೆ. ಪ್ರತಿಯೊಬ್ಬ ಹುಡುಗನೂ ಬೇರೆ ಬೇರೆ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ. ಒಂದು ಎಂಟನೇ ಜನರೇಷನ್ ಲ್ಯಾಪ್‌ಟಾಪ್, ಒಂದು ಇಂಟರ್‌ಫೇಸ್, ಎರಡು ಮೈಕ್, ಎರಡು ಹೆಡ್‌ಫೋನ್. ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಒಬ್ಬ ಜವಾಬ್ದಾರಿಯವರ ಕೈಗೆ ಕೊಟ್ಟು, ಪುಸ್ತಕದಲ್ಲಿ ಬರೆದು ವಾರಕ್ಕೆ ಒಬ್ಬರಂತೆ ಕೊಡಬಹುದು. ಹಳೆ ಪೇಟೆಯಲ್ಲಿ ದುಡಿಯುವ ನಾಲ್ಕು ಹುಡುಗರು ಸೇರಿದರೂ ಇದು ಆಗುತ್ತದೆ. ಊರಿಗೆ ರಜೆಯಲ್ಲಿ ಹೋಗುವಾಗ ಆ ಪೆಟ್ಟಿಗೆ ಬಸ್ಸಿನಲ್ಲಿ ಜೊತೆಗೆ ಹೋಗಲಿ. ಉಳ್ಳಾಲದ, ಬಂಟ್ವಾಳದ, ಪುತ್ತೂರಿನ ಯಾವುದೋ ಮನೆಯಲ್ಲಿ ಹಾಡು ಗೊತ್ತಿರುವ ಉಮ್ಮಂದಿರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಲು ಎಂಬತ್ತು ಸಾವಿರದ ಯಂತ್ರ ಬರುವವರೆಗೆ ಕಾಯುವುದು ಬೇಡ. ಯಂತ್ರ ಈ ವರ್ಷ ಅಲ್ಲದಿದ್ದರೆ ಬರುವ ವರ್ಷ ಇನ್ನೂ ಅಗ್ಗವಾಗಿ ಸಿಗಬಹುದು, ಆ ಹಾಡು ಗೊತ್ತಿರುವವರು ಬರುವ ವರ್ಷ ಇರುತ್ತಾರೆ ಅಂತ ಹೇಳಲು ನಮ್ಮಿಂದ ಆಗುವುದಿಲ್ಲ.